ಕೋಡಿ ಇಲ್ಲದ ಕೆರೆ

ವೈಟ್‌ಫೀಲ್ಡ್ ಕಡೆ ಹೋಗುವ ಬಸ್ಸಿನಲ್ಲಿ ದಿನವೂ ಕೇಳುವ ಹೆಸರು ವರ್ತೂರು ಕೋಡಿ. ‘ಕೋಡಿ ಇಳಿಯೋರು ಮುಂದೆ ಬನ್ನಿ’ ಎಂದು ಕಂಡಕ್ಟರ್ ಕೂಗುತ್ತಾರೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೊರಳಿಗೆ ಕಂಪನಿಯ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು ಇಳಿದು ತಮ್ಮ ತಮ್ಮ ಆಫೀಸಿನ ದಾರಿ ಹಿಡಿಯುತ್ತಾರೆ. ಅವರಲ್ಲಿ ಬಹಳ ಮಂದಿಗೆ ಅದು ಒಂದು ಸ್ಟಾಪಿನ ಹೆಸರು. ಹಳ್ಳಿಯಿಂದ ಬಂದವರಿಗೆ ಮಾತ್ರ ಆ ಮಾತು ಕಿವಿಗೆ ಬಿದ್ದಾಗ ನೀರಿನ ಸದ್ದು ಕೇಳಿಸುತ್ತದೆ.

ಕೋಡಿ ಎಂದರೆ ತುಂಬಿದ ಕೆರೆ ತನಗೆ ಸಾಕಾದ ಮೇಲೆ ಉಳಿದದ್ದನ್ನು ಹೊರಗೆ ಬಿಡುವ ಜಾಗ. ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ಹೋಗಿ ನೋಡುತ್ತಿತ್ತು. ಮುತ್ತೈದೆಯರು ಬಾಗಿನ ಬಿಡುತ್ತಿದ್ದರು. ಹುಡುಗರು ಕೋಡಿಯ ಹರಿವಿಗೆ ಎದುರಾಗಿ ಹತ್ತುವ ಮೀನು ಹಿಡಿಯುತ್ತಿದ್ದರು. ನಮ್ಮ ಕೋಡಿಯ ನೀರು ಕೆಳಗಿನ ಊರಿನ ಕೆರೆಗೆ, ಅವರದು ಇನ್ನೂ ಕೆಳಗಿನದಕ್ಕೆ. ಕೆರೆ ಕಟ್ಟಿದವರ ಲೆಕ್ಕದಲ್ಲಿ ಯಾವ ಕೆರೆಯೂ ಒಂಟಿಯಲ್ಲ. ಮೇಲಿನವರು ಬಿಟ್ಟದ್ದೇ ಕೆಳಗಿನವರ ಪಾಲು. ಹಾಗಾಗಿಯೇ ಮೇಲಿನ ಕೆರೆಯಲ್ಲಿ ಎಮ್ಮೆ ಮೈತೊಳೆಯಲು ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದು ಎಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ.

ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ದಿಣ್ಣೆಯ ಮೇಲಿರುವ ಊರು ಬೆಂಗಳೂರು. ಇಲ್ಲಿ ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆ. ವೃಷಭಾವತಿಯ ನೀರು ಅರ್ಕಾವತಿಯ ಕಡೆಗೆ. ಬೆಳ್ಳಂದೂರು ಕೆರೆಯ ಕೋಡಿ ವರ್ತೂರಿಗೆ, ವರ್ತೂರಿನ ಕೋಡಿ ಪಿನಾಕಿನಿಗೆ. ಆ ನದಿ ಹೊಸೂರಿನ ಬಳಿ ಕೆಲವರಪಲ್ಲಿ ಅಣೆಕಟ್ಟು ಸೇರಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ದಾಟಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಕಾಲುವೆಗಳಿಂದ ವೃಷಭಾವತಿಗೆ ಇಳಿದದ್ದು ಬೈರಮಂಗಲದ ಕೆರೆ ಹಾಯ್ದು, ಅರ್ಕಾವತಿಯೊಡನೆ ಸಂಗಮದಲ್ಲಿ ಕಾವೇರಿ ಸೇರಿ, ಮೆಟ್ಟೂರು ದಾಟಿ, ಕೊನೆಗೆ ಅದೇ ಬಂಗಾಳ ಕೊಲ್ಲಿಗೆ. ಕಡಲು ಎಂದರೆ ನಮ್ಮ ಮನಸ್ಸು ಮಂಗಳೂರು, ಮಲ್ಪೆ, ಕಾರವಾರದ ಕಡೆ ಓಡುತ್ತದೆ. ನಮ್ಮ ನೀರು ಮಾತ್ರ ಪೂರ್ವಕ್ಕೆ ಓಡುತ್ತದೆ.

ಈ ಕೆರೆ ಸಾಲಿನ ಕಟ್ಟಕಡೆಯ ಕೆರೆ ಸಮುದ್ರ. ಅದಕ್ಕೆ ಕೋಡಿ ಇಲ್ಲ. ಅಲ್ಲಿಗೆ ಹೋದದ್ದು ಮತ್ತೆಲ್ಲಿಗೂ ಹೋಗುವುದಿಲ್ಲ. ತೇಲುವಷ್ಟು ದಿನ ತೇಲಿ ಕೊನೆಗೆ ತಳ ಸೇರುತ್ತದೆ.

ಆ ತಳದಲ್ಲಿ ಒಂದು ಹಾವುಮೀನು ಇದೆ. ಇವತ್ತು ಅದರ ಬಗ್ಗೆ ಹೇಳಬೇಕೆಂದೇ ಇಷ್ಟು ದೂರ ಬಂದೆ.

ಮಂಗಳೂರಿನ ದಕ್ಕೆಗೆ ಹೋದವರು ಹಾವುಮೀನನ್ನು ಕಂಡಿರುತ್ತಾರೆ. ಬಂಗುಡೆ, ಬೂತಾಯಿ, ಅಂಜಲ್‌ಗಳನ್ನು ಬುಟ್ಟಿಗಳಿಗೆ ವಿಂಗಡಿಸಿದ ಮೇಲೆ ಟ್ರಾಲ್ ಬೋಟಿನ ರಾಶಿಯಲ್ಲಿ ಉಳಿಯುವ ಉದ್ದನೆಯ, ಜಾರುವ, ಹುರುಪೆ ಇಲ್ಲದ ಮೀನುಗಳವು. ದೊಡ್ಡವಕ್ಕೆ ಗಿರಾಕಿ ಉಂಟು; ಸಣ್ಣವು ಹೆಚ್ಚಾಗಿ ಫಿಶ್‌ಮೀಲ್ ಕಾರ್ಖಾನೆಯ ಲಾರಿ ಹತ್ತುತ್ತವೆ. ನಾನು ಹೇಳುತ್ತಿರುವುದು ಇವುಗಳದೇ ಬಳಗದ, ಕಾಂಗರ್ ಎಂಬ ಮನೆತನದ, ಆಳದಲ್ಲಿ ಬದುಕುವ ಒಂದು ಜಾತಿ. ವಿಜ್ಞಾನಿಗಳು ಕರೆಯುವ ಹೆಸರು ಬಾಥಿಯುರೋಕಾಂಗರ್ ವಿಸಿನಸ್. 1888ರಲ್ಲಿ ಫ್ರಾನ್ಸಿನ ವೈಲಾಂ ಎಂಬ ವಿಜ್ಞಾನಿ ಇದನ್ನು ಮೊದಲು ವಿವರಿಸಿದ್ದು ಅಟ್ಲಾಂಟಿಕ್ ಸಾಗರದ ಮೀನಿನಿಂದ. ಆಮೇಲೆ ಹಿಂದೂ ಮಹಾಸಾಗರದಲ್ಲೂ ಪೆಸಿಫಿಕ್ಕಿನಲ್ಲೂ ಅದೇ ಜಾತಿ ಸಿಕ್ಕಿತು. ಮೀಟರಿಗೆ ತುಸು ಕಡಿಮೆ ಉದ್ದ, ದೊಡ್ಡ ಹಲ್ಲುಗಳು. ನೂರಿಪ್ಪತ್ತು ಮೀಟರಿನಿಂದ ಸಾವಿರದ ಮುನ್ನೂರು ಮೀಟರಿನ ಆಳದವರೆಗೆ ಇದು ಸಿಕ್ಕಿದೆ. ಬೆಂಗಳೂರು ಕಡಲಿಗಿಂತ ಎಷ್ಟು ಮೇಲಿದೆಯೋ ಸುಮಾರು ಅಷ್ಟೇ ಕೆಳಗೂ ಇದರ ವಾಸ. ಅಲ್ಲಿ ಹಗಲೆಂಬುದಿಲ್ಲ. ನೀರಿನ ಬಿಸಿ ಆರೇಳು ಡಿಗ್ರಿ. ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದ ಒತ್ತಡ ಏರುವುದರಿಂದ ಅಲ್ಲಿ ಬೆರಳುಗುರಿನಷ್ಟು ಜಾಗದ ಮೇಲೂ ತೊಂಬತ್ತು ಕಿಲೋ ಭಾರ.

ಆ ಭಾರದಡಿ ಮೆತ್ತನೆ ಮೈಯ ಮೀನು ಜಜ್ಜಿಹೋಗುವುದಿಲ್ಲ. ಅದರ ಮೈಯೊಳಗೂ ನೀರೇ ತುಂಬಿದೆ. ಒಳಗಿನ ನೀರು ಹೊರಗಿನ ನೀರಿಗೆ ಸರಿಸಮ ನಿಲ್ಲುತ್ತದೆ. ಒತ್ತಡ ಕೆಡಿಸುವುದು ಜೀವಕೋಶದೊಳಗಿನ ಪ್ರೋಟೀನುಗಳ ಆಕಾರವನ್ನು. ಅದಕ್ಕೂ ಆಳದ ಮೀನುಗಳಲ್ಲಿ ಉಪಾಯ ಉಂಟು. ಟಿಎಂಎಒ ಎಂಬ ಒಂದು ಸಣ್ಣ ಅಣು ಅವುಗಳ ಮಾಂಸದಲ್ಲಿ ಇರುತ್ತದೆ, ಆಳ ಹೆಚ್ಚಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಪ್ರೋಟೀನು ತನ್ನ ಆಕಾರ ಬಿಡದಂತೆ ಅದು ಕಾಯುತ್ತದೆ. ನಮಗೆ ಮೀನಿನ ವಾಸನೆ ಎಂದು ಮೂಗಿಗೆ ಬಡಿಯುವುದು ಇದೇ ಅಣು ಸತ್ತ ಮೀನಿನಲ್ಲಿ ಕೆಟ್ಟಾಗ.

ಈ ಮೀನುಗಳನ್ನು ನಮ್ಮ ಕಡಲುಗಳಲ್ಲಿ ಮೊದಮೊದಲು ತಾಳ್ಮೆಯಿಂದ ನೋಡಿದವರಲ್ಲಿ ಒಬ್ಬರು ವೈದ್ಯರು, ಆಲ್ಫ್ರೆಡ್ ಆಲ್ಕಾಕ್. ಮುಂಬಯಿಯಲ್ಲಿ ಕಟ್ಟಿದ ‘ಇನ್ವೆಸ್ಟಿಗೇಟರ್’ ಎಂಬ ಸರ್ವೆ ಹಡಗಿನಲ್ಲಿ 1888ರಿಂದ ಕೆಲವು ವರ್ಷ ಅವರು ವೈದ್ಯರೂ ಹೌದು, ಜೀವಶಾಸ್ತ್ರಜ್ಞರೂ ಹೌದು. ಹಡಗಿನ ಮುಖ್ಯ ಕೆಲಸ ಕಡಲ ಆಳ ಅಳೆಯುವುದು. ಬಿಡುವಾದಾಗ ಬಲೆ ಇಳಿಸಿ, ಗಂಟೆಗಟ್ಟಲೆ ಕಾದು, ಮೇಲೆ ಬಂದ ಕೆಸರನ್ನು ತೊಳೆದು, ಒಂದೊಂದು ಜೀವವನ್ನೂ ಎತ್ತಿ ಸೀಸೆಗೆ ಹಾಕಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿಗೆ ಕಳಿಸುತ್ತಿದ್ದರು. ಆಳದ ಕಾಂಗರ್ ಬಳಗಕ್ಕೆ ಅವರು ಕೊಟ್ಟ ಹೆಸರುಗಳು ಈಗಲೂ ಬಳಕೆಯಲ್ಲಿವೆ. 1894ರಲ್ಲಿ ಒಂದಕ್ಕೆ ಇಟ್ಟ ಹೆಸರು ಜೆನೊಮಿಸ್ಟಾಕ್ಸ್ ಟ್ರುಸಿಡಾನ್ಸ್. ಅದರ ಎರಡನೆಯ ಪದಕ್ಕೆ ಲ್ಯಾಟಿನ್ನಿನಲ್ಲಿ ‘ಕೊಚ್ಚಿ ಕೊಲ್ಲುವ’ ಎಂಬ ಅರ್ಥ. ಅದರ ಬಾಯಿಯ ತುಂಬ ಹಲ್ಲು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಹಲ್ಲುಗಳಲ್ಲ, ಇವುಗಳ ಮರಿ. ಹಾವುಮೀನಿನ ಮರಿ ಹಾವಿನಂತಿರುವುದಿಲ್ಲ. ಅಶ್ವತ್ಥದ ಎಳೆ ಎಲೆಯನ್ನು ಗಾಜಿನಲ್ಲಿ ಮಾಡಿದ ಹಾಗೆ, ಚಪ್ಪಟೆ, ಪೂರ್ತಿ ಪಾರದರ್ಶಕ. ಪುಟ್ಟ ತಲೆ, ಎರಡು ಕರಿ ಕಣ್ಣು. ರಕ್ತಕ್ಕೆ ಕೆಂಪು ಬಣ್ಣ ಇನ್ನೂ ಬಂದಿರುವುದಿಲ್ಲ. ನೋಡಿದವರು ಬಹುಕಾಲ ಇದನ್ನು ಬೇರೆಯೇ ಒಂದು ಮೀನು ಎಂದುಕೊಂಡು ಲೆಪ್ಟೊಸೆಫಾಲಸ್ ಎಂದು ಹೆಸರಿಟ್ಟಿದ್ದರು. 1864ರಲ್ಲಿ ಅಮೆರಿಕದ ಥಿಯೋಡೋರ್ ಗಿಲ್ ಇದು ಕಾಂಗರ್ ಹಾವುಮೀನಿನ ಮರಿಯೇ ಇರಬೇಕು ಎಂದರು. ಅದು ಸಾಬೀತಾದದ್ದು 1886ರಲ್ಲಿ. ಫ್ರಾನ್ಸಿನ ರೋಸ್ಕಾಫ್ ಎಂಬ ಕಡಲೂರಿನ ಪ್ರಯೋಗಾಲಯದಲ್ಲಿ ಈವ್ ದೆಲಾಜ್ ಒಂದು ಗಾಜಿನೆಲೆಯನ್ನು ತೊಟ್ಟಿಯಲ್ಲಿ ಸಾಕಿದರು. ಅದು ಅವರ ಕಣ್ಣೆದುರೇ ಅಗಲ ಕಳೆದುಕೊಂಡು, ಉರುಟಾಗಿ, ಬಣ್ಣ ತಳೆದು ಕಾಂಗರ್ ಆಯಿತು. ಬೆಳೆಯಬೇಕಾದ ಮರಿ ರೂಪ ಬದಲಿಸುವಾಗ ಮೊದಲಿಗಿಂತ ಗಿಡ್ಡವಾಗುತ್ತದೆ ಎಂಬುದು ಇದರಲ್ಲಿ ನನಗೆ ಅತಿ ಅಚ್ಚರಿಯ ಸಂಗತಿ.

ಯೂರೋಪಿನ ಕಾಂಗರ್ ಬದುಕಿನಲ್ಲಿ ಒಮ್ಮೆ ಮಾತ್ರ ಮೊಟ್ಟೆಯಿಡುತ್ತದೆ. ಆ ಕಾಲ ಬಂದಾಗ ತಿನ್ನುವುದನ್ನು ಬಿಡುತ್ತದೆ, ಹಲ್ಲು ಉದುರುತ್ತವೆ, ಎಲುಬಿನ ಸುಣ್ಣವೂ ಕರಗಿ ಮೈ ಮೆತ್ತಗಾಗುತ್ತದೆ. ಇದ್ದದ್ದನ್ನೆಲ್ಲ ಮೊಟ್ಟೆಗೆ ಸುರಿದು, ಮೂವತ್ತು ಲಕ್ಷದಿಂದ ಎಂಬತ್ತು ಲಕ್ಷ ಮೊಟ್ಟೆಗಳನ್ನು ಆಳದ ನೀರಿಗೆ ಬಿಟ್ಟು ಸಾಯುತ್ತದೆ. ಮರಿಗಳನ್ನು ನೋಡಿಕೊಳ್ಳಲು ತಾಯಿ ಇರುವುದಿಲ್ಲ. ಅವುಗಳನ್ನು ಸಾಕುವುದು ಮೇಲಿನಿಂದ ಉದುರುವ ಪುಡಿ.

ಆ ಪುಡಿಯ ಮಾತನ್ನು ತುಸು ನಿಧಾನವಾಗಿ ಹೇಳಬೇಕು. ಬಿಸಿಲು ಬೀಳುವ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಪಾಚಿಗಳು ಬೆಳೆಯುತ್ತವೆ, ಅವನ್ನು ತಿನ್ನುವ ಹುಳುಗಳು ಬದುಕುತ್ತವೆ, ಸಾಯುತ್ತವೆ. ಅವುಗಳ ಹೆಣ, ಹಿಕ್ಕೆ, ಲೋಳೆ ಎಲ್ಲ ಅಂಟಿಕೊಂಡು ಚಿಂದಿಚಿಂದಿಯಾಗಿ ಕೆಳಗಿಳಿಯುತ್ತವೆ. ಹಿಟ್ಟಿನ ಗಿರಣಿಯಲ್ಲಿ ನಿಂತವರ ತಲೆಯ ಮೇಲೆ ಧೂಳು ಕೂರುವ ಹಾಗೆ, ಹಗಲೂ ರಾತ್ರಿ, ಬಿಡದೆ. ವಿಜ್ಞಾನಿಗಳು ಇದನ್ನು ಕಡಲ ಹಿಮ ಎನ್ನುತ್ತಾರೆ. ಹಾವುಮೀನಿನ ಗಾಜಿನೆಲೆಗಳ ಹೊಟ್ಟೆಯಲ್ಲಿ ಸಿಕ್ಕಿರುವ ಆಹಾರ ಹೆಚ್ಚಾಗಿ ಇದೇ. ಬಿಸಿಲಿಲ್ಲದ ತಳದ ಬಹುಪಾಲು ಜೀವಗಳಿಗೂ ನೇರವಾಗಿಯೋ ಬಳಸುದಾರಿಯಲ್ಲೋ ಇದೇ ಅನ್ನ. ಮೇಲಿನವರು ಬಿಟ್ಟದ್ದೇ ಕೆಳಗಿನವರ ಪಾಲು ಎಂಬ ಕೆರೆಯ ಕಟ್ಟಳೆ ಕಡಲಿಗೂ ಅಷ್ಟೇ ನಿಜ.

ಹಾಗಾದರೆ ನಾವು ಬಿಡುತ್ತಿರುವುದು ಏನು?

2015ರಲ್ಲಿ ವರ್ತೂರು ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿ, ಬೈಕು ಸವಾರರ ಮುಖಕ್ಕೆ ಬಡಿಯುತ್ತಿತ್ತು. ಅದೇ ವರ್ಷ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. 2017ರಲ್ಲಿ, 2018ರಲ್ಲಿ ಮತ್ತೆ. ನೀರಿಗೆ ಬೆಂಕಿ ಬೀಳುವುದನ್ನು ಜಗತ್ತೆಲ್ಲ ನೋಡಿತು. ನೊರೆಗೆ ಕಾರಣ ನಾವು ಬಟ್ಟೆ ಒಗೆದ, ಪಾತ್ರೆ ತೊಳೆದ ಸೋಪಿನ ಪುಡಿ. ಶುದ್ಧೀಕರಿಸದ ಕೊಳಚೆಯ ಜೊತೆ ಬಂದು ಕೆರೆಯ ಹೂಳಿನಲ್ಲಿ ಕೂತದ್ದನ್ನು ಮಳೆನೀರು ಕದಡಿದಾಗ ನೊರೆ ಏಳುತ್ತದೆ. ಕೆಲವರಪಲ್ಲಿ ಅಣೆಕಟ್ಟಿನ ಕೆಳಗೂ ನೊರೆ ಎದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿವೆ. ಹೊಸೂರಿನ ರೈತರು ಆ ನೊರೆಯನ್ನು ನೋಡಿ ಅದು ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ಕಾವೇರಿಯ ವಿಷಯದಲ್ಲಿ ಮೇಲಿನ ದಂಡೆ, ಕೆಳಗಿನ ದಂಡೆ ಎಂದು ನೂರು ವರ್ಷದಿಂದ ವಾದಿಸುತ್ತ ಬಂದಿದ್ದೇವೆ. ಆ ವಾದವೆಲ್ಲ ಎಷ್ಟು ನೀರು ಎಂಬುದರ ಬಗ್ಗೆ. ಎಂಥ ನೀರು ಎಂಬ ಪ್ರಶ್ನೆ ಬಂದಾಗ ನಾವು ಮೇಲಿನವರು ತಲೆ ತಗ್ಗಿಸಬೇಕು.

2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಒಂದೇ ಬೆಳಗಿಗೆ ಸತ್ತು ತೇಲಿದ್ದು ನೆನಪಿರಬಹುದು. ನೀರಿಗೆ ಕೊಳಚೆ ಹೆಚ್ಚಾದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ, ಮೀನಿಗೆ ಉಳಿಯುವುದಿಲ್ಲ. ಬಂಗಾಳ ಕೊಲ್ಲಿಯ ನಡು ಆಳದಲ್ಲಿ ಆಮ್ಲಜನಕ ಮೊದಲೇ ಬಲು ಕಡಿಮೆ. ನೂರಾರು ಮೀಟರ್ ದಪ್ಪದ ಒಂದು ಪದರವೇ ಹಾಗಿದೆ. ಮೇಲ್ಮೈಯ ಸಿಹಿನೀರಿನ ಪದರ ಮುಚ್ಚಳದಂತೆ ಕೂತು ಗಾಳಿಯ ಆಮ್ಲಜನಕವನ್ನು ಕೆಳಗೆ ಬಿಡುವುದಿಲ್ಲ. ಉದುರಿದ್ದು ಕೊಳೆಯುತ್ತ ಇದ್ದದ್ದನ್ನೂ ಖರ್ಚು ಮಾಡುತ್ತದೆ. ಇದು ಪ್ರಕೃತಿಯೇ ಮಾಡಿಟ್ಟ ಏರ್ಪಾಡು, ನಮ್ಮ ತಪ್ಪಲ್ಲ. ಆದರೆ ಅಂಚಿನಲ್ಲಿ ನಿಂತವರನ್ನು ತಳ್ಳಲು ಹೆಚ್ಚು ಬಲ ಬೇಕಾಗುವುದಿಲ್ಲ. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆಯರೆಲ್ಲ ದಡದ ಊರುಗಳ ಗೊಬ್ಬರ, ಕೊಳಚೆ ಹೊತ್ತು ತರುತ್ತಾರೆ. ಅವರ ಮುಂದೆ ನಮ್ಮ ಪಿನಾಕಿನಿ ಸಣ್ಣ ನದಿ ನಿಜ. ಪ್ರತಿ ಊರೂ ತನ್ನ ಹೊಳೆ ಸಣ್ಣದು ಎಂದುಕೊಂಡೇ ಈ ಸ್ಥಿತಿ ಬಂದಿದೆ.

ಕೊಳೆಯುವಂಥದ್ದು ಹೇಗೋ ಒಂದು ದಿನ ಕರಗೀತು. ಕರಗದೇ ಉಳಿಯುವಂಥವು ಬೇರೆ ಇವೆ. ಹಿಂದೆ ಟ್ರಾನ್ಸ್‌ಫಾರ್ಮರು, ಕೆಪಾಸಿಟರುಗಳಲ್ಲಿ ಪಿಸಿಬಿ ಎಂಬ ಎಣ್ಣೆ ತುಂಬುತ್ತಿದ್ದರು. ಅದರ ವಿಷ ತಿಳಿದು ಹಲವು ದಶಕಗಳ ಹಿಂದೆಯೇ ದೇಶಗಳು ಅದರ ತಯಾರಿಕೆ ನಿಲ್ಲಿಸಿದವು. 2017ರಲ್ಲಿ ಪೆಸಿಫಿಕ್ ಸಾಗರದ ಅತಿ ಆಳದ ಮರಿಯಾನಾ ಕಂದಕದಿಂದ ತೆಗೆದ ಸಿಗಡಿಯಂಥ ಸಣ್ಣ ಜೀವಿಗಳ ಮೈಯಲ್ಲಿ ಅದೇ ಪಿಸಿಬಿ ಸಿಕ್ಕಿತು, ಅದೂ ಹೇರಳವಾಗಿ. ಯಾವ ಕಾರ್ಖಾನೆಯೂ ಇಲ್ಲದ, ಮನುಷ್ಯ ಅಪರೂಪಕ್ಕೆ ಮಾತ್ರ ಇಳಿದಿರುವ ಜಾಗ ಅದು. ಅದೇ ಕಂದಕದ ತಳದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕ್ಯಾಮೆರಾಗೆ ಸೆರೆಯಾಗಿದೆ. ಕೋಡಿ ಇಲ್ಲದ ಕೆರೆ ಎಂದೆನಲ್ಲ, ಅದರ ಅರ್ಥ ಇದು.

ಬೆಂಗಳೂರಿಗೂ ಆಳದ ಕಡಲಿಗೂ ಸಂಬಂಧ ಕೊಳಚೆಯೊಂದರದ್ದೇ ಎಂದರೆ ಈ ಊರಿಗೆ ಅನ್ಯಾಯ ಮಾಡಿದಂತೆ. ಮೂವರನ್ನು ಆರು ಸಾವಿರ ಮೀಟರ್ ಆಳಕ್ಕೆ ಇಳಿಸುವ ಭಾರತದ ‘ಸಮುದ್ರಯಾನ’ ಯೋಜನೆಯ ಜಲವಾಹನಕ್ಕೆ ಮತ್ಸ್ಯ-6000 ಎಂದು ಹೆಸರು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಅದನ್ನು ಕಟ್ಟುತ್ತಿದೆ. ಒಳಗೆ ಮನುಷ್ಯರು ಕೂರುವ ಭಾಗ ಟೈಟಾನಿಯಂ ಮಿಶ್ರಲೋಹದ ಒಂದು ಗೋಳ. ಹೊರ ಅಡ್ಡಳತೆ 2260 ಮಿಲಿಮೀಟರ್, ಗೋಡೆ 80 ಮಿಲಿಮೀಟರ್ ದಪ್ಪ. ಎರಡು ಅರ್ಧಗೋಳಗಳನ್ನು ಜೋಡಿಸುವ ಬೆಸುಗೆ ನಡೆದದ್ದು ಬೆಂಗಳೂರಿನಲ್ಲಿ, ಇಸ್ರೋದ ಎಲ್‌ಪಿಎಸ್‌ಸಿ ಕೇಂದ್ರದಲ್ಲಿ, ಎಲೆಕ್ಟ್ರಾನ್ ಕಿರಣದಿಂದ. ಸುತ್ತಳತೆ ಏಳು ಮೀಟರಿಗೂ ಹೆಚ್ಚು. ಅದೊಂದು ಬೆಸುಗೆ ಸರಿಯಾಗಿ ಕೂರಲು ಸುಮಾರು 700 ಸಲ ಪ್ರಯೋಗ ಮಾಡಿ ನೋಡಿದರು.

ಪೀಣ್ಯದ ಯಾವುದೇ ಶೆಡ್ಡಿನಲ್ಲಿ ವೆಲ್ಡಿಂಗ್ ಟಾರ್ಚು ಹಿಡಿದವರಿಗೆ ಈ ಲೆಕ್ಕ ಹೇಳಿದರೆ ಅವರು ಕೆಲಸ ನಿಲ್ಲಿಸಿ ಕೇಳುತ್ತಾರೆ. ಎಂಟು ಸೆಂಟಿಮೀಟರ್ ದಪ್ಪದ ಟೈಟಾನಿಯಮ್ಮನ್ನು ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ಬೆಸೆಯುವುದೆಂದರೆ ಏನೆಂದು ಅವರಿಗೆ ಗೊತ್ತು. ಆರು ಸಾವಿರ ಮೀಟರಿನಲ್ಲಿ ಆ ಬೆಸುಗೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಆರುನೂರು ಕಿಲೋ ಭಾರ. ನಾವು ಉಸಿರಾಡಲು ಗಾಳಿ ಬೇಕಾದ್ದರಿಂದ ಆಳಕ್ಕೆ ಇಳಿಯಲು ಇಷ್ಟೆಲ್ಲ ಲೋಹ ಬೇಕು. ಈ ಗೋಳದ ಕಿಟಕಿಯಿಂದ ಮುಂದೊಂದು ದಿನ ನಮ್ಮವರು ಹೊರಗೆ ನೋಡುತ್ತಾರೆ. ಇಳಿಯುವ ದಾರಿಯಲ್ಲಿ ಹಾವುಮೀನಿನ ಮಟ್ಟವನ್ನೂ ದಾಟುತ್ತಾರೆ. ದೀಪದ ಬೆಳಕಿನಲ್ಲಿ ಉದುರುತ್ತಿರುವ ಕಡಲ ಹಿಮವನ್ನು ಕಾಣುತ್ತಾರೆ. ಆ ಹಿಮದಲ್ಲಿ ನಮ್ಮ ಪಾಲು ಏನಿರಬೇಕು ಎಂಬುದು ಇಲ್ಲಿ, ದಿಣ್ಣೆಯ ಮೇಲೆ ಕುಳಿತ ನಮ್ಮ ಕೈಯಲ್ಲಿದೆ.

ಪೀಣ್ಯದ ಕೆಲಸಗಾರರ ಮೇಲೆ ನನಗೆ ಅಪಾರ ಗೌರವ. ಹಾಗೆಂದೇ ಹೇಳುತ್ತೇನೆ: ಅಲ್ಲಿನ ಅಂತರ್ಜಲದಲ್ಲಿ ಪ್ಲೇಟಿಂಗ್ ಕೆಲಸದ ಕ್ರೋಮಿಯಂ ಸೇರಿರುವುದು ಹಲವು ಸಲ ಪರೀಕ್ಷೆಯಲ್ಲಿ ಗೊತ್ತಾಗಿದೆ. ತೊಟ್ಟಿಯ ನೀರನ್ನು ಶುದ್ಧೀಕರಣ ಘಟಕಕ್ಕೆ ಕಳಿಸಲು ಟ್ಯಾಂಕರಿಗೆ ದುಡ್ಡು ಕೊಡಬೇಕು. ಕತ್ತಲಾದ ಮೇಲೆ ಮೋರಿಗೆ ಬಿಡಲು ಕೊಡಬೇಕಾಗಿಲ್ಲ. ಜಾಬ್ ವರ್ಕಿನ ದರವನ್ನು ಹಿಂಡಿ ಹಿಪ್ಪೆ ಮಾಡುವ ದೊಡ್ಡ ಕಂಪನಿಗಳು ಆ ಟ್ಯಾಂಕರಿನ ದುಡ್ಡನ್ನೂ ದರದಲ್ಲಿ ಸೇರಿಸಿ ಕೊಡಬೇಕು. ಸಣ್ಣ ಶೆಡ್ಡಿನವರೊಬ್ಬರನ್ನೇ ಬೈದರೆ ಪ್ರಯೋಜನವಿಲ್ಲ.

ನಮ್ಮ ಮನೆಗಳ ಮಾತಿಗೆ ಬರುತ್ತೇನೆ. ನಾನಿರುವ ಸಮುಚ್ಚಯದಲ್ಲಿ ನೂರಾರು ಮನೆಗಳಿವೆ, ನೆಲಮಾಳಿಗೆಯಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ ಇದೆ. ಒಂದು ರಾತ್ರಿ ಕಾರಿನಲ್ಲಿ ಮರೆತ ಫೈಲು ತರಲು ಕೆಳಗೆ ಹೋದಾಗ ಅಲ್ಲಿ ಸದ್ದೇ ಇರಲಿಲ್ಲ. ಗಾಳಿ ಊದುವ ಬ್ಲೋವರ್ ನಿಂತಿತ್ತು. ಕರೆಂಟ್ ಬಿಲ್ಲು ಉಳಿಸಲು ರಾತ್ರಿ ಹತ್ತರ ಮೇಲೆ ನಿಲ್ಲಿಸುತ್ತೇವೆ ಸಾರ್, ಹಾಗೆ ಮಾಡಲು ಹೇಳಿದ್ದಾರೆ ಎಂದರು ನೋಡಿಕೊಳ್ಳುವವರು. ಕೊಳಚೆಯನ್ನು ತಿಂದು ತಿಳಿಮಾಡುವ ಸೂಕ್ಷ್ಮಜೀವಿಗಳಿಗೆ ಆ ಗಾಳಿಯೇ ಉಸಿರು. ತಾಸುಗಟ್ಟಲೆ ಗಾಳಿ ನಿಂತರೆ ಅವು ಸೊರಗುತ್ತವೆ, ಬೆಳಿಗ್ಗೆ ಹೊರಗೆ ಹೋಗುವ ನೀರು ಸರಿಯಾಗಿ ತಿಳಿಯಾಗಿರುವುದಿಲ್ಲ. ಅದು ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ, ಕೆರೆ ಕೋಡಿಗೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಸಭೆಯಲ್ಲಿ ಬಿಲ್ಲಿನ ಲೆಕ್ಕ ಹಾಕಿದಾಗ ಬ್ಲೋವರ್ ರಾತ್ರಿಯಿಡೀ ಓಡಿಸಲು ಮನೆಗೊಂದಕ್ಕೆ ತಿಂಗಳಿಗೆ ಬಿದ್ದದ್ದು ಎರಡು ಕಾಫಿಯ ದುಡ್ಡು. ಈಗ ಅದು ರಾತ್ರಿಯೂ ಓಡುತ್ತದೆ.

ನೀವು ವರ್ತೂರಿನಲ್ಲಿರಿ, ಹೂಡಿಯಲ್ಲಿರಿ, ದೊಡ್ಡತೋಗೂರಿನಲ್ಲಿರಿ, ದಾಸರಹಳ್ಳಿಯಲ್ಲಿರಿ, ಇವತ್ತು ರಾತ್ರಿ ಊಟ ಮುಗಿಸಿ ಹನ್ನೊಂದಕ್ಕೆ ಒಮ್ಮೆ ನೆಲಮಾಳಿಗೆಗೆ ಇಳಿದು, ನಿಮ್ಮ ಎಸ್‌ಟಿಪಿಯ ಬ್ಲೋವರ್ ಸದ್ದು ಕೇಳುತ್ತದೆಯೇ ನೋಡಿ ಬನ್ನಿ.